ಬ್ಲ್ಯಾಕ್ ಸ್ಪಾಟಿನಲ್ಲಿ ಅಪಘಾತ ಅರ್ಧಕ್ಕಿಳಿಯಿತು ಎಂದು ಬರೆಯುವ ಮುನ್ನ

“ಸುಧಾರಣಾ ಕಾಮಗಾರಿಯ ನಂತರ ಸದರಿ ಸ್ಥಳದಲ್ಲಿ ಅಪಘಾತಗಳು ಶೇ 50ರಷ್ಟು ಕಡಿಮೆಯಾಗಿರುತ್ತವೆ.” ಈ ವಾಕ್ಯ ನನಗೆ ಬಾಯಿಪಾಠವಾಗಿದೆ. ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ವರದಿಗಳಲ್ಲಿ, ರಸ್ತೆ ಸುರಕ್ಷತಾ ಸಮಿತಿಯ ನಡಾವಳಿಗಳಲ್ಲಿ, ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ, ಎಲ್ಲ ಕಡೆ ಇದೇ ವಾಕ್ಯ. ಶೇಕಡಾವಾರು ಮಾತ್ರ ಒಮ್ಮೆ 40, ಒಮ್ಮೆ 60.

ನಾನು ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ರಸ್ತೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 48 ಊರಿನ ಮಗ್ಗುಲಲ್ಲೇ ಹಾದುಹೋಗುವುದರಿಂದ ಸಿವಿಲ್ ವಿಭಾಗದ ಹುಡುಗರಿಗೆ ಪ್ರಾಜೆಕ್ಟಿಗೆ ವಿಷಯ ಹುಡುಕುವ ಕಷ್ಟವಿಲ್ಲ. ಯಾವುದೋ ಜಂಕ್ಷನ್ನಿನ ಅಂಕಿ ತರುತ್ತಾರೆ, “ಮೇಡಂ, ಅರ್ಧಕ್ಕರ್ಧ ಇಳಿದೈತೆ, ಟಿ-ಟೆಸ್ಟ್ ಹಾಕಿಕೊಡ್ರಿ” ಅನ್ನುತ್ತಾರೆ. ಇಳಿಕೆ ಬರೀ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಆ ಟೆಸ್ಟ್ ಹಾಕುವುದು ಐದು ನಿಮಿಷದ ಕೆಲಸ. ಅದಕ್ಕೂ ಮೊದಲು ಅವರಿಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಲೋಕೋಪಯೋಗಿ ಇಲಾಖೆಯ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಇರಲಿ, ಠಾಣೆಯಲ್ಲಿ ಅಂಕಿಅಂಶ ನೋಡಿಕೊಳ್ಳುವ ರೈಟರ್ ಇರಲಿ, ವರದಿಗಾರರಿರಲಿ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು.

ಈ ಜಾಗವನ್ನು ಯಾಕೆ ಆರಿಸಿದಿರಿ?

ನನ್ನ ಮೊದಲ ಪ್ರಶ್ನೆ ಇದು. ಉತ್ತರ ಹೆಚ್ಚುಕಡಿಮೆ ಒಂದೇ: “ಅದು ಬ್ಲ್ಯಾಕ್ ಸ್ಪಾಟ್ ಮೇಡಂ.” ಬ್ಲ್ಯಾಕ್ ಸ್ಪಾಟ್ ಅಂದರೆ ಏನು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವ್ಯಾಖ್ಯೆ ಹೀಗಿದೆ: ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಉಂಟುಮಾಡಿದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಒಟ್ಟು ಹತ್ತು ಸಾವು ಸಂಭವಿಸಿರಬೇಕು. ಅಂದರೆ ಆ ಜಾಗ ಪಟ್ಟಿಗೆ ಸೇರಿದ್ದೇ ಕಳೆದ ಮೂರು ವರ್ಷದ ಲೆಕ್ಕ ಕೆಟ್ಟದಾಗಿದ್ದುದಕ್ಕೆ. ಪೇಚು ಇರುವುದು ಇಲ್ಲಿಯೇ.

ಅಪಘಾತದ ಸಂಖ್ಯೆಯಲ್ಲಿ ರಸ್ತೆಯ ದೋಷದ ಪಾಲು ಒಂದಿಷ್ಟು, ಬರೀ ಆಕಸ್ಮಿಕದ ಪಾಲು ಒಂದಿಷ್ಟು. ಕೆಟ್ಟ ಲೆಕ್ಕ ನೋಡಿ ಆರಿಸಿದಾಗ, ನಿಜಕ್ಕೂ ಕೆಟ್ಟ ಜಾಗಗಳ ಜತೆಗೆ ಆ ಮೂರು ವರ್ಷ ಗ್ರಹಚಾರ ಸರಿಯಿಲ್ಲದ ಸಾಧಾರಣ ಜಾಗಗಳೂ ಪಟ್ಟಿಗೆ ಬರುತ್ತವೆ. ಮುಂದಿನ ಮೂರು ವರ್ಷ ಅದೇ ಗ್ರಹಚಾರ ಮುಂದುವರಿಯಬೇಕೆಂದಿಲ್ಲ. ಹಾಗಾಗಿ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ತಂದೆ ಬಹಳ ಎತ್ತರವಿದ್ದರೆ ಮಗ ಸರಾಸರಿಯ ಕಡೆಗೆ ಸ್ವಲ್ಪ ಸರಿದಿರುತ್ತಾನೆ ಎಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತೋರಿಸಿದ್ದು ಇದನ್ನೇ. ಸರಾಸರಿಗೆ ಮರಳುವಿಕೆ ಎನ್ನುತ್ತೇವೆ.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ತರಗತಿಯಲ್ಲಿ ಲೂಡೋ ದಾಳ ಹಂಚುತ್ತೇನೆ. ನೀವೂ ಮನೆಯಲ್ಲಿ ಮಾಡಬಹುದು. ಪ್ರತಿಯೊಬ್ಬರೂ ಒಂದು ಜಂಕ್ಷನ್. ದಾಳವನ್ನು 18 ಸಲ ಹಾಕಿ, ಎಷ್ಟು ಸಲ ಆರು ಬಿತ್ತೆಂದು ಎಣಿಸಿ. ಅದು ನಿಮ್ಮ ಮೂರು ವರ್ಷದ ಅಪಘಾತ. ಎಲ್ಲರ ದಾಳವೂ ಒಂದೇ, ಎಲ್ಲರ ಸರಾಸರಿಯೂ 3. ಆದರೂ ಅರವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಹತ್ತು ಮಂದಿಗೆ ಐದು ಅಥವಾ ಹೆಚ್ಚು ಆರು ಬಿದ್ದಿರುತ್ತದೆ. ಅವರನ್ನು ಎದ್ದು ನಿಲ್ಲಿಸಿ: ಬ್ಲ್ಯಾಕ್ ಸ್ಪಾಟುಗಳು. ಅವರ ದಾಳದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ, ಅದೇ ಹಂಪ್ಸ್. ಈಗ ಆ ಹತ್ತು ಜನ ಮತ್ತೆ 18 ಸಲ ಹಾಕಲಿ. ಮೊದಲ ಸುತ್ತಿನಲ್ಲಿ ಅವರೆಲ್ಲರದು ಸೇರಿ ಸುಮಾರು 55 ಇದ್ದದ್ದು ಎರಡನೇ ಸುತ್ತಿಗೆ 30ರ ಆಸುಪಾಸಿಗೆ ಬರುತ್ತದೆ. ಸೀಮೆಸುಣ್ಣದ ಗೆರೆ ಶೇ 45ರಷ್ಟು ಅಪಘಾತ ತಪ್ಪಿಸಿತು!

ದಾಳ ಬೇಡ, ಲೆಕ್ಕವೇ ಬೇಕು ಅನ್ನುವವರಿಗೆ: ಮೂರು ವರ್ಷಕ್ಕೆ ಸರಾಸರಿ 3 ಅಪಘಾತವಾಗುವ, ಎಲ್ಲ ರೀತಿಯಲ್ಲೂ ಸಮಾನವಾದ 100 ಜಂಕ್ಷನ್‌ಗಳಿವೆ ಎಂದುಕೊಳ್ಳಿ. ಆಕಸ್ಮಿಕ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸನ್ ಸೂತ್ರದ ಪ್ರಕಾರ ಅವುಗಳಲ್ಲಿ 18 ಜಂಕ್ಷನ್‌ಗಳು ಬರೀ ಆಕಸ್ಮಿಕದಿಂದ ಐದರ ಗಡಿ ಮುಟ್ಟುತ್ತವೆ. ಆ 18ರ ಸರಾಸರಿ 5.7. ಮುಂದಿನ ಮೂರು ವರ್ಷಕ್ಕೆ ಅವು ಮರಳುವುದು 3ಕ್ಕೆ. ಇಳಿಕೆ ಶೇ 48. ಒಂದು ಚೀಲ ಸಿಮೆಂಟೂ ಖರ್ಚಾಗಿಲ್ಲ. ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ “ಶೇ 50” ಎಂಬ ಸಂಖ್ಯೆ ನೋಡಿದಾಗಲೆಲ್ಲ ನನಗೆ ಈ 48 ನೆನಪಾಗುತ್ತದೆ.

ಇದು ಬರೀ ಪಾಠದ ಮಾತಲ್ಲ. ಬ್ರಿಟನ್ನಿನಲ್ಲಿ ವೇಗ ಪತ್ತೆ ಕ್ಯಾಮೆರಾ ಯೋಜನೆಯ ನಾಲ್ಕು ವರ್ಷದ ಮೌಲ್ಯಮಾಪನ 2005ರಲ್ಲಿ ಬಂತು. ಕ್ಯಾಮೆರಾ ಇಡಲು ಜಾಗ ಆರಿಸಿದ್ದು ಹಿಂದಿನ ಗಂಭೀರ ಅಪಘಾತಗಳ ಸಂಖ್ಯೆ ನೋಡಿಯೇ. ನಗರ ಪ್ರದೇಶದ ಜಾಗಗಳಲ್ಲಿ ಸಾವು ಮತ್ತು ತೀವ್ರ ಗಾಯದ ಅಪಘಾತಗಳು ಸುಮಾರು ಶೇ 55 ಇಳಿದಿದ್ದವು. ಆ ವರದಿಯ ಅನುಬಂಧದಲ್ಲೇ ಅದನ್ನು ಬಿಡಿಸಿ ನೋಡಿದ್ದಾರೆ: 55ರಲ್ಲಿ ಸುಮಾರು 35 ಅಂಶ ಸರಾಸರಿಗೆ ಮರಳಿದ್ದು, ಸುಮಾರು 9 ಅಂಶ ಇಡೀ ದೇಶದಲ್ಲೇ ಇಳಿಯುತ್ತಿದ್ದ ಪ್ರವೃತ್ತಿ, ಕ್ಯಾಮೆರಾದ ಪಾಲು ಸುಮಾರು 10. ಇದನ್ನು ಓದಿ ಕ್ಯಾಮೆರಾ ವ್ಯರ್ಥ ಅನ್ನಬೇಡಿ. ಹತ್ತಕ್ಕೆ ಒಂದು ಗಂಭೀರ ಅಪಘಾತ ತಪ್ಪಿದ್ದು ಸಣ್ಣ ಮಾತಲ್ಲ. 55 ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು, ಅಷ್ಟೇ.

ಹಿಂದಿನ ಲೆಕ್ಕವನ್ನು ಹದಕ್ಕೆ ತರುವುದು

ಹಾಗಾದರೆ ಬ್ಲ್ಯಾಕ್ ಸ್ಪಾಟನ್ನು ಅಳೆಯುವುದೇ ಬೇಡವೇ? ಅಳೆಯಬಹುದು. ಕೆನಡಾದ ಎಜ್ರಾ ಹಾವರ್ ಜೀವಮಾನವಿಡೀ ಇದೇ ಕೆಲಸ ಮಾಡಿದವರು. ಅವರು ರೂಢಿಗೆ ತಂದ ವಿಧಾನದ ತಿರುಳು ಸರಳ. ನಿಮ್ಮ ಜಂಕ್ಷನ್ನಿನ ಸಂಖ್ಯೆಯನ್ನೊಂದೇ ನಂಬಬೇಡಿ, ಅಂಥದೇ ಬೇರೆ ಜಂಕ್ಷನ್‌ಗಳ ಸರಾಸರಿಯನ್ನೂ ಅದಕ್ಕೆ ಬೆರೆಸಿ. ಎಷ್ಟು ಬೆರೆಸಬೇಕೆಂಬುದನ್ನು ಅಂಕಿಗಳೇ ಹೇಳುತ್ತವೆ.

ಮಾಡುವ ಕ್ರಮ ಹೀಗೆ. ನಿಮ್ಮ ಜಾಗದಂಥವೇ ಆದ, ಅಂದರೆ ಅದೇ ಬಗೆಯ ರಸ್ತೆ, ಹೆಚ್ಚುಕಡಿಮೆ ಅಷ್ಟೇ ವಾಹನ ಓಡಾಟ, ಅದೇ ಬಗೆಯ ಅಡ್ಡರಸ್ತೆ ಇರುವ ಜಂಕ್ಷನ್‌ಗಳ ಪಟ್ಟಿ ಮಾಡಿ. ಐವತ್ತು ಸಿಕ್ಕರೆ ಒಳ್ಳೆಯದು. ಮುಖ್ಯವಾದದ್ದು: ಒಂದೂ ಅಪಘಾತವಾಗದ ಜಂಕ್ಷನ್‌ಗಳೂ ಪಟ್ಟಿಯಲ್ಲಿರಬೇಕು. ಹುಡುಗರು ಇಲ್ಲೇ ಎಡವುವುದು, ಯಾಕೆಂದರೆ ಠಾಣೆಯ ಪುಸ್ತಕದಲ್ಲಿ ಸೊನ್ನೆಗೆ ಸಾಲು ಇರುವುದಿಲ್ಲ. ನಕ್ಷೆ ಹಿಡಿದು ಎಣಿಸಬೇಕು. ಆಮೇಲೆ ಮೂರು ವರ್ಷದ ಸಂಖ್ಯೆಗಳ ಸರಾಸರಿ ಮತ್ತು ವೇರಿಯನ್ಸ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತೆಗೆಯಿರಿ. ಎಕ್ಸೆಲ್ ಎರಡನ್ನೂ ಕ್ಷಣದಲ್ಲಿ ಕೊಡುತ್ತದೆ. ಸರಾಸರಿಯನ್ನು ವೇರಿಯನ್ಸಿನಿಂದ ಭಾಗಿಸಿ. ಬಂದದ್ದು ಗುಂಪಿಗೆ ಕೊಡಬೇಕಾದ ತೂಕ. ಒಂದರಲ್ಲಿ ಅದನ್ನು ಕಳೆದರೆ ಉಳಿಯುವುದು ನಿಮ್ಮ ಜಾಗಕ್ಕೆ ಕೊಡಬೇಕಾದ ತೂಕ.

ಉದಾಹರಣೆಗೆ ಗುಂಪಿನ ಸರಾಸರಿ 2, ವೇರಿಯನ್ಸ್ 3 ಬಂತೆನ್ನಿ. ಗುಂಪಿನ ತೂಕ ಮೂರರಲ್ಲಿ ಎರಡು ಪಾಲು, ನಿಮ್ಮ ಜಾಗದ್ದು ಒಂದು ಪಾಲು. ನಿಮ್ಮ ಜಂಕ್ಷನ್ನಿನಲ್ಲಿ 8 ಅಪಘಾತವಾಗಿತ್ತು. 2ರ ಮೂರನೇ ಎರಡು ಪಾಲು, 8ರ ಮೂರನೇ ಒಂದು ಪಾಲು ಕೂಡಿಸಿದರೆ 4. ಏನೂ ಮಾಡದೇ ಇದ್ದಿದ್ದರೂ ಮುಂದಿನ ಮೂರು ವರ್ಷಕ್ಕೆ ನಿರೀಕ್ಷಿಸಬೇಕಾಗಿದ್ದುದು 8 ಅಲ್ಲ, 4. ಕಾಮಗಾರಿಯ ನಂತರ 4 ಆದರೆ ಅದರಿಂದ ಆದ ಇಳಿಕೆ ಸೊನ್ನೆ. ಗುಂಪಿನ ಸರಾಸರಿ 2 ಇರುವಾಗ ಈ ಜಾಗದ ನಿರೀಕ್ಷೆ 4 ಎನ್ನುವುದನ್ನೂ ಗಮನಿಸಿ: ಜಾಗ ನಿಜಕ್ಕೂ ಕೆಟ್ಟದ್ದೇ, ಆದರೆ ತೋರುತ್ತಿದ್ದಷ್ಟು ಕೆಟ್ಟದ್ದಲ್ಲ.

ವೇರಿಯನ್ಸ್ ದೊಡ್ಡದಾದಷ್ಟೂ ಜಾಗದಿಂದ ಜಾಗಕ್ಕೆ ನಿಜವಾದ ವ್ಯತ್ಯಾಸವಿದೆ ಎಂದರ್ಥ, ಆಗ ನಿಮ್ಮ ಜಾಗದ ಸಂಖ್ಯೆಗೆ ಹೆಚ್ಚು ಬೆಲೆ. ವೇರಿಯನ್ಸ್ ಸರಾಸರಿಯಷ್ಟೇ ಇದ್ದರೆ ಎಲ್ಲ ಜಾಗವೂ ಒಂದೇ, ಕಂಡ ವ್ಯತ್ಯಾಸವೆಲ್ಲ ದಾಳದ ಆಟ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಜಾಗಗಳಿಗೆ ಈ ಲೆಕ್ಕವೆಲ್ಲ ಬೇಕಾಗಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿ: ಪುಣೆ–ಬೆಂಗಳೂರು ಹೆದ್ದಾರಿ ಎರಡೂ ಕಡೆ ನಾಲ್ಕು ಪಥದ್ದಿರುವಾಗ ನಡುವೆ ಸುಮಾರು 30 ಕಿ.ಮೀ. ಮಾತ್ರ ಮೀಡಿಯನ್ (ನಡುವಿನ ವಿಭಜಕ) ಇಲ್ಲದ ಎರಡೇ ಪಥವಾಗಿ ವರ್ಷಗಟ್ಟಲೆ ಉಳಿದಿತ್ತು. ಎದುರುಬದುರು ಡಿಕ್ಕಿ ಯಾಕಾಗುತ್ತದೆಂದು ತಿಳಿಯಲು ಅಲ್ಲಿ ವೇರಿಯನ್ಸ್ ಬೇಕಿರಲಿಲ್ಲ. ರಸ್ತೆ ಅಗಲ ಮಾಡಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ, ಮಾಡಿದ ಮೇಲೆ ಎಷ್ಟು ಇಳಿಯಿತು ಎಂಬುದು ಇನ್ನೊಂದು. ಈ ಬರಹ ಎರಡನೆಯದಕ್ಕೆ.

ನೆರೆಯವರಿಗೆ ಏನಾಯಿತು?

1955ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ರಸ್ತೆ ಸಾವು 324ಕ್ಕೇರಿತು. ಗವರ್ನರ್ ಅಬ್ರಹಾಂ ರಿಬಿಕಾಫ್ ವೇಗದ ಚಾಲಕರ ಲೈಸೆನ್ಸ್ ಅಮಾನತು ಮಾಡುವ ಕಟ್ಟುನಿಟ್ಟಿನ ಕ್ರಮ ತಂದರು. ಮರುವರ್ಷ ಸಾವು 284. ನಲವತ್ತು ಜೀವ ಉಳಿಯಿತು, ಶೇ 12.3 ಇಳಿಕೆ ಎಂದು ಗವರ್ನರ್ ಹೇಳಿಕೊಂಡರು. ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಲಾರೆನ್ಸ್ ರಾಸ್ 1968ರಲ್ಲಿ ಇದನ್ನು ಕೆದಕಿದರು. ಮಾಡಿದ್ದು ಎರಡೇ ಕೆಲಸ. 1955, 1956 ಎರಡೇ ವರ್ಷ ನೋಡದೆ ಹಿಂದೆ ಮುಂದೆ ಹಲವು ವರ್ಷಗಳ ಗೆರೆ ಎಳೆದರು: ಪ್ರತಿ ವರ್ಷವೂ ಸಂಖ್ಯೆ ಏರುತ್ತಾ ಇಳಿಯುತ್ತಾ ಇತ್ತು, 1955 ಅದರಲ್ಲೊಂದು ಎತ್ತರದ ಏರು. ಕ್ರಮ ಬಂದದ್ದೇ ಆ ಏರಿನಿಂದ. ಎರಡನೆಯದು, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ನೆರೆ ರಾಜ್ಯಗಳ ಗೆರೆಯನ್ನು ಪಕ್ಕದಲ್ಲಿಟ್ಟರು. ಕನೆಕ್ಟಿಕಟ್‌ನ ಇಳಿಕೆ ಆಗ ಅಷ್ಟೇನೂ ಎದ್ದು ಕಾಣಲಿಲ್ಲ.

ನೀವು ಮಾಡಬೇಕಾದ್ದೂ ಈ ಎರಡೇ. ಕಾಮಗಾರಿ ಆಗದ, ಅದೇ ರೀತಿಯ ರಸ್ತೆಗಳ ಗುಂಪೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅಲ್ಲಿ ಅದೇ ಅವಧಿಯಲ್ಲಿ 400 ಇದ್ದದ್ದು 320 ಆಗಿದ್ದರೆ ಐದನೇ ನಾಲ್ಕು ಪಾಲಾಯಿತು. ನಿಮ್ಮ ರಸ್ತೆಯಲ್ಲಿ 40 ಇದ್ದದ್ದು ಏನೂ ಮಾಡದಿದ್ದರೂ 32 ಆಗುತ್ತಿತ್ತು. ಆದದ್ದು 28. ಹಾಗಾಗಿ ಕ್ರಮದ ಫಲ 32ರಿಂದ 28ಕ್ಕೆ, ಶೇ 12.5. ಶೇ 30 ಅಲ್ಲ. ಹೋಲಿಕೆಯ ಗುಂಪು ದೊಡ್ಡದಿರಲಿ. ಪಕ್ಕದ ತಾಲ್ಲೂಕಿನ ಒಂದೇ ಜಂಕ್ಷನ್ ಇಟ್ಟುಕೊಂಡರೆ ಅದರ ಆಕಸ್ಮಿಕವೂ ನಿಮ್ಮ ಲೆಕ್ಕದ ತಲೆ ಮೇಲೆ ಕೂರುತ್ತದೆ.

ತಿಂಗಳುಗಳನ್ನು ಹೊಂದಿಸುವುದೂ ಇಲ್ಲೇ ಬರುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಬೆಳಗಾವಿ ಕಡೆ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ. ನವೆಂಬರ್–ಜನವರಿಯ ಲೆಕ್ಕವನ್ನು ಜೂನ್–ಆಗಸ್ಟ್ ಜತೆ ತೂಗಿದರೆ ನಡುವೆ ಹಾಕಿದ ಬ್ಲಿಂಕರ್ ದೀಪಕ್ಕೆ ಸಲ್ಲದ ಕೀರ್ತಿ ಸಲ್ಲುತ್ತದೆ. ಪೂರ್ತಿ ವರ್ಷಗಳನ್ನೇ ಹೋಲಿಸಿ.

ಕೊರೊನಾ ವರ್ಷದ ಕಥೆಯಂತೂ ಕೇಳುವುದೇ ಬೇಡ. 2019ರಲ್ಲಿ ದೇಶದಲ್ಲಿ 4,49,002 ಅಪಘಾತ, 1,51,113 ಸಾವು. 2020ರಲ್ಲಿ 3,66,138 ಅಪಘಾತ, 1,31,714 ಸಾವು. 2019ರ ಸೆಪ್ಟೆಂಬರ್ 1ಕ್ಕೆ ಮೋಟಾರು ವಾಹನ ಕಾಯ್ದೆಯ ಹೊಸ ದಂಡಗಳು ಜಾರಿಗೆ ಬಂದವು, ಅದೇ ತಿಂಗಳು ಕರ್ನಾಟಕ ಹಲವು ದಂಡಗಳನ್ನು ಇಳಿಸಿತು, ಆರು ತಿಂಗಳಾದ ಮೇಲೆ ಲಾಕ್‌ಡೌನ್. ಹೆಚ್ಚಿದ ದಂಡದಿಂದ ಅಪಘಾತ ಇಳಿಯಿತೇ ಎಂದು ಆ ಅಂಕಿಗಳಿಂದ ತೀರ್ಮಾನಿಸಲು ಹೊರಟ ಪ್ರಾಜೆಕ್ಟುಗಳನ್ನು ನಾನು ಒಪ್ಪುವುದಿಲ್ಲ. ಗಮನಿಸಿ, 2020ರಲ್ಲಿ ಅಪಘಾತ ಇಳಿದದ್ದು ಶೇ 18ರಷ್ಟು, ಸಾವು ಇಳಿದದ್ದು ಶೇ 13ರಷ್ಟು ಮಾತ್ರ. ಸಾವು, ಅಪಘಾತ ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ. ವರದಿಯಲ್ಲಿ ಯಾವುದನ್ನು ಎಣಿಸಿದ್ದೀರೆಂದು ಮೊದಲ ಸಾಲಲ್ಲೇ ಹೇಳಿ.

ಪುಸ್ತಕ ಬದಲಾಯಿತೇ, ರಸ್ತೆ ಬದಲಾಯಿತೇ?

ನಾವು ಎಣಿಸುವುದು ಅಪಘಾತವನ್ನಲ್ಲ, ಎಫ್‌ಐಆರ್ ಅನ್ನು. ಠಾಣೆಯ ಅಂಕಿಯನ್ನು ಕಲಂ ಹಿಡಿದು ತೆಗೆಯುವ ರೂಢಿ ನಮ್ಮಲ್ಲಿದೆ: ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಸಾವಾದರೆ 304ಎ, ತೀವ್ರ ಗಾಯಕ್ಕೆ 338, ಸಣ್ಣ ಗಾಯಕ್ಕೆ 337, ಜತೆಗೆ ಅಜಾಗರೂಕ ಚಾಲನೆಗೆ 279. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 304ಎ ಹೋಗಿ 106 ಆಯಿತು, 279 ಹೋಗಿ 281, ಗಾಯದ ಎರಡೂ ಕಲಂಗಳು 125ರ ಅಡಿಗೆ ಸೇರಿದವು. ಹಳೆಯ ಕಲಂ ಹಾಕಿ ಹುಡುಕಿದವರಿಗೆ 2024ರ ಉತ್ತರಾರ್ಧದಲ್ಲಿ ಅಪಘಾತ ಮಾಯವಾದಂತೆ ಕಾಣುತ್ತದೆ! ಇದು ಹಾಸ್ಯವೆನಿಸಬಹುದು, ಆದರೆ ಕಂಪ್ಯೂಟರಿನ ಮುಂದೆ ಕೂತು ಪಟ್ಟಿ ತಯಾರಿಸುವವರಿಗೆ ಇದು ಸುಲಭವಾಗಿ ಆಗುವ ಅನಾಹುತ.

ಸೂಕ್ಷ್ಮವಾದ ಬದಲಾವಣೆಗಳೂ ಇವೆ. ಅಪಘಾತದ ವಿವರವನ್ನು ಸ್ಥಳದಿಂದಲೇ ಆ್ಯಪಿನಲ್ಲಿ ದಾಖಲಿಸುವ ವ್ಯವಸ್ಥೆ ಬಂದಾಗ ಜಾಗದ ಗುರುತು ನಿಖರವಾಗುತ್ತದೆ. ಮೊದಲು “ಇಂಥ ಊರಿನ ಹತ್ತಿರ” ಎಂದು ಬರೆಯುತ್ತಿದ್ದ ಅಪಘಾತಗಳು ಈಗ 500 ಮೀಟರಿನ ಒಳಗೋ ಹೊರಗೋ ಸ್ಪಷ್ಟವಾಗಿ ಬೀಳುತ್ತವೆ. ಗುದ್ದೋಡಿದ ಪ್ರಕರಣಗಳಲ್ಲಿ ಸಾವಿಗೆ ಪರಿಹಾರ 2022ರ ಏಪ್ರಿಲ್ 1ರಿಂದ ಎರಡು ಲಕ್ಷ ರೂಪಾಯಿಗೆ ಏರಿತು. ಪರಿಹಾರ ಏರಿದರೆ ದೂರು ಕೊಡಲು ಕಾರಣವೂ ಏರುತ್ತದೆ. ಸಣ್ಣಪುಟ್ಟ ಗಾಯದ ಪ್ರಕರಣಗಳು ಠಾಣೆಗೆ ಬರುವುದೋ, ಅಲ್ಲೇ ರಾಜಿಯಾಗುವುದೋ ಎಂಬುದು ಪಿಎಸ್‌ಐ ಬದಲಾದರೂ ಬದಲಾಗುತ್ತದೆ. ಹಾಗಾಗಿ ಸಾವಿನ ಲೆಕ್ಕವನ್ನೇ ನಂಬುವುದು ಮೇಲು, ಅದನ್ನು ಮುಚ್ಚಿಡುವುದು ಕಷ್ಟ. ಆದರೆ ಸಾವು ಸಂಖ್ಯೆಯಲ್ಲಿ ಕಡಿಮೆ, ಹಾಗಾಗಿ ಅಲ್ಲಿ ಬೇರೆಯೇ ತೊಂದರೆ.

“ನೂರು ಅಪಘಾತಕ್ಕೆ ಎಷ್ಟು ಸಾವು” ಎಂಬ ಅಳತೆಯನ್ನು ದಯವಿಟ್ಟು ಬಿಡಿ. ಸಣ್ಣ ಅಪಘಾತಗಳನ್ನು ಶ್ರದ್ಧೆಯಿಂದ ದಾಖಲಿಸುವ ಠಾಣೆಯಲ್ಲಿ ಅದು ಕಡಿಮೆ, ಸೋಮಾರಿ ಠಾಣೆಯಲ್ಲಿ ಹೆಚ್ಚು. ರಸ್ತೆಯ ಬಗ್ಗೆ ಅದು ಹೇಳುವುದು ಅಷ್ಟಕ್ಕಷ್ಟೇ.

“ಹತ್ತು ಸಾವಿರ ವಾಹನಕ್ಕೆ ಎಷ್ಟು ಸಾವು” ಎಂಬುದೂ ಮೋಸಗಾರ. ವಾಹನ ಹೆಚ್ಚಾದಂತೆ ವಾಹನಕ್ಕೆ ತಲಾ ಸಾವು ತಾನಾಗಿಯೇ ಇಳಿಯುತ್ತದೆಂದು ಆರ್. ಜೆ. ಸ್ಮೀಡ್ 1949ರಲ್ಲೇ ಇಪ್ಪತ್ತು ದೇಶಗಳ ಅಂಕಿಯಿಂದ ತೋರಿಸಿದ್ದರು. ನೋಂದಣಿಯಾದ ಸ್ಕೂಟರುಗಳ ಸಂಖ್ಯೆ ದುಪ್ಪಟ್ಟಾದ ಊರಿನಲ್ಲಿ ಈ ದರ ಇಳಿದದ್ದನ್ನು ಯಾವ ಅಧಿಕಾರಿ ಬೇಕಾದರೂ ತನ್ನ ಸಾಧನೆ ಎನ್ನಬಹುದು. ಹಳೆಯ ಗಾಡಿಗಳು ಗುಜರಿಗೆ ಹೋದರೂ ನೋಂದಣಿ ಪಟ್ಟಿಯಲ್ಲಿ ಉಳಿದಿರುವುದು ಬೇರೆ.

ಸಣ್ಣ ಸಂಖ್ಯೆಗಳ ಆಟ

ಎಂಟು ಇದ್ದದ್ದು ನಾಲ್ಕಾಯಿತು. ಅರ್ಧ! ಈಗ ಹನ್ನೆರಡು ನಾಣ್ಯ ಚಿಮ್ಮಿ. ಯಾವ ಕ್ರಮವೂ ಕೆಲಸ ಮಾಡದಿದ್ದರೆ ಈ ಹನ್ನೆರಡು ಅಪಘಾತಗಳಲ್ಲಿ ಪ್ರತಿಯೊಂದೂ ಮೊದಲಿನ ಅವಧಿಗೋ ನಂತರದ ಅವಧಿಗೋ ಸಮಸಮವಾಗಿ ಬೀಳಬಹುದಿತ್ತು. ಹನ್ನೆರಡರಲ್ಲಿ ನಾಲ್ಕು ಅಥವಾ ಕಡಿಮೆ ತಲೆ ಬೀಳುವ ಸಂಭವ ಶೇ 19. ಐದು ಜಂಕ್ಷನ್‌ಗಳಲ್ಲಿ ಒಂದು, ಏನೂ ಮಾಡದೆಯೇ, ಇಂಥ ಇಳಿಕೆ ತೋರಿಸುತ್ತದೆ. ಇದರಲ್ಲಿ ಸರಾಸರಿಗೆ ಮರಳುವ ಲೆಕ್ಕ ಇನ್ನೂ ಸೇರಿಲ್ಲ.

ಇದನ್ನು ಕಲಿತ ಹುಡುಗರು ಮರುದಿನವೇ ಇನ್ನೊಂದು ತುದಿಗೆ ಹೋಗಿ ಬೀಳುತ್ತಾರೆ: “ಪಿ ಬೆಲೆ 0.05ಕ್ಕಿಂತ ಹೆಚ್ಚಿದೆ, ಆದ್ದರಿಂದ ಪರಿಣಾಮವಿಲ್ಲ.” ಪಿ ಬೆಲೆ ಅಂದರೆ ಕ್ರಮಕ್ಕೆ ಯಾವ ಫಲವೂ ಇಲ್ಲದಿದ್ದಾಗ ಬರೀ ಆಕಸ್ಮಿಕದಿಂದ ಇಷ್ಟು ಅಥವಾ ಇನ್ನೂ ಹೆಚ್ಚಿನ ವ್ಯತ್ಯಾಸ ಕಾಣುವ ಸಂಭವ, ಮೇಲಿನ ಶೇ 19ರಂಥದು. ಅದನ್ನು ಹೀಗೆ ಓದುವುದು ಇನ್ನೂ ಅಪಾಯಕಾರಿ. ಅಮೆರಿಕದಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ನಮ್ಮ ಫ್ರೀ ಲೆಫ್ಟ್ ಇದ್ದಂತೆ ಅವರಿಗೆ ಕೆಂಪು ದೀಪವಿದ್ದಾಗಲೂ ಬಲಕ್ಕೆ ತಿರುಗುವ ಅವಕಾಶ. 1970ರ ದಶಕದಲ್ಲಿ ಅದನ್ನು ಎಲ್ಲ ರಾಜ್ಯಗಳಿಗೂ ಹರಡುವಾಗ ವರ್ಜೀನಿಯಾದ ಇಪ್ಪತ್ತು ಜಂಕ್ಷನ್‌ಗಳಲ್ಲಿ ಪರೀಕ್ಷೆ ಮಾಡಿದರು. ಮೊದಲು 308 ಅಪಘಾತ, ನಂತರ 337. ಗಾಯವಾದ ಅಪಘಾತಗಳು 43ರಿಂದ 60ಕ್ಕೆ. ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಲ್ಲ, ಆದ್ದರಿಂದ ತೊಂದರೆ ಇಲ್ಲ ಎಂದು ತೀರ್ಮಾನವಾಯಿತು. ಅಂಥ ಸಣ್ಣ ಅಧ್ಯಯನಗಳು ಇನ್ನಷ್ಟು ಬಂದವು, ಎಲ್ಲದರ ತೀರ್ಪೂ “ಗಣನೀಯವಲ್ಲ”. ನಿಯಮ ದೇಶವಿಡೀ ಹರಡಿತು. ಸಾಕಷ್ಟು ಅಂಕಿ ಸೇರಿದ ಮೇಲೆ ನೋಡಿದರೆ ತಿರುಗುವ ವಾಹನಗಳಿಂದ ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಆಗುವ ಅಪಘಾತ ಬಹಳ ಏರಿತ್ತು. ಹಾವರ್ 2004ರಲ್ಲಿ ಈ ಕಥೆಯನ್ನು ಸಿಟ್ಟಿನಿಂದಲೇ ಬರೆದಿದ್ದಾರೆ. 43ರಿಂದ 60 ಎಂಬುದನ್ನು ಕಣ್ಣಾರೆ ಕಂಡೂ ಸೊನ್ನೆ ಎಂದು ಓದಿದವರ ಮೇಲೆ ಯಾರಿಗಾದರೂ ಸಿಟ್ಟು ಬರಬೇಕಾದ್ದೇ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಪಿ ಬೆಲೆ ಬರೆಯಬೇಡಿ, ಆಚೆ ಈಚೆ ಅಂತರ ಬರೆಯಿರಿ ಅನ್ನುತ್ತೇನೆ. 5 ಅಪಘಾತ ಕಂಡಿದ್ದರೆ ಅದರ ಹಿಂದಿನ ನಿಜ ಸರಾಸರಿ 1.6ರಿಂದ 11.7ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟು ಅಗಲದ ಅಂತರ ನೋಡಿದರೆ “ಇಳಿಯಿತು” ಎನ್ನುವ ಬಾಯಿಯೂ ಮುಚ್ಚುತ್ತದೆ, “ಪರಿಣಾಮವಿಲ್ಲ” ಎನ್ನುವ ಬಾಯಿಯೂ.

ದಾರಿ ಇದೆ: ಕೂಡಿಸುವುದು. ಒಂದೇ ಬಗೆಯ ಕಾಮಗಾರಿ, ಉದಾಹರಣೆಗೆ ರಂಬಲ್ ಸ್ಟ್ರಿಪ್ಸ್ (ಗಾಡಿ ಗಡಗಡ ಅನ್ನುವಂತೆ ರಸ್ತೆಗೆ ಅಡ್ಡ ಹಾಕುವ ಉಬ್ಬು ಪಟ್ಟಿಗಳು), ಹಾಕಿದ ಮೂವತ್ತು ಜಾಗಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಮೇಲಿನಂತೆ ನಿರೀಕ್ಷಿತ ಸಂಖ್ಯೆ ಲೆಕ್ಕ ಹಾಕಿ ಕೂಡಿಸಿ. ಊಹೆಗೆ ಹೇಳುವುದಾದರೆ, ಮೊದಲು ಒಟ್ಟು 180 ಇತ್ತು, ಹದಕ್ಕೆ ತಂದ ನಿರೀಕ್ಷೆ 110, ಆದದ್ದು 85. ಹಳೆಯ ಕ್ರಮದಲ್ಲಿ ಶೇ 53 ಇಳಿಕೆ ಎಂದು ಬರೆಯುತ್ತಿದ್ದಿರಿ. ಸರಿಯಾದ ಇಳಿಕೆ ಶೇ 23. ಆದರೆ 85ರ ಆಚೀಚಿನ ಆಕಸ್ಮಿಕದ ವ್ಯಾಪ್ತಿ ಸುಮಾರು 67ರಿಂದ 103, ಅದು 110ನ್ನು ಮುಟ್ಟುವುದಿಲ್ಲ. ಈ 23ನ್ನು ಯಾರ ಮುಂದೆ ಬೇಕಾದರೂ ಧೈರ್ಯವಾಗಿ ಇಡಬಹುದು.

ಅಷ್ಟು ಜಾಗವೂ ಇಲ್ಲ, ಮೂರು ವರ್ಷ ಕಾಯುವ ವ್ಯವಧಾನವೂ ಇಲ್ಲ ಅನ್ನುವವರಿಗೆ ಇನ್ನೊಂದು ಉಪಾಯ: ವೇಗ ಅಳೆಯಿರಿ. ಸ್ಪೀಡ್ ಗನ್ ಸಿಕ್ಕರೆ ಒಂದೇ ಮಧ್ಯಾಹ್ನದಲ್ಲಿ ನೂರಾರು ವಾಹನಗಳ ವೇಗ ಸಿಗುತ್ತದೆ, ಅಪಘಾತಕ್ಕೆ ಕಾಯಬೇಕಿಲ್ಲ. ಸರಾಸರಿ ವೇಗದ ನಾಲ್ಕನೇ ಘಾತಕ್ಕೆ ತಕ್ಕಂತೆ ಸಾವಿನ ಅಪಘಾತ ಏರಿಳಿಯುತ್ತದೆ ಎಂಬುದು ಸ್ವೀಡನ್ನಿನ ಯೋರನ್ ನಿಲ್ಸನ್ ಅವರ ಸೂತ್ರ. ವೇಗ ಶೇ 5 ಇಳಿದರೆ ಸಾವಿನ ಅಪಘಾತ ಸುಮಾರು ಶೇ 19 ಇಳಿಯುತ್ತದೆಂದು ಲೆಕ್ಕ ಬರುತ್ತದೆ. ಪೊಲೀಸರು ಕಣ್ಣಿಗೆ ಬೀಳುವಂತೆ ನಿಂತು ಅಳೆದರೆ ಮಾತ್ರ ಎಲ್ಲರೂ ಸಭ್ಯರೇ. ಮರೆಯಲ್ಲಿ ನಿಂತು ಅಳೆಯಬೇಕು, ಕ್ರಮಕ್ಕೆ ಮೊದಲೂ ನಂತರವೂ.

ಎಲ್ಲವನ್ನೂ ಒಟ್ಟಿಗೆ ಮಾಡಿದಾಗ

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ. ಆ ವರ್ಷದ ಮೊದಲ ತಿಂಗಳುಗಳಲ್ಲೇ ಸಾವು ನೂರು ದಾಟಿ ರಾಜ್ಯವೆಲ್ಲ ಗಾಬರಿ. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ನಿಷೇಧ. ಅದರ ಹಿಂದೆ ಮುಂದೆ 100 ಕಿ.ಮೀ. ವೇಗಮಿತಿಯ ಕಟ್ಟುನಿಟ್ಟಿನ ಜಾರಿ, ಗಸ್ತು, ಆಮೇಲೆ ಕ್ಯಾಮೆರಾಗಳು. ಸಾವು ಇಳಿಯಿತು, ಸಂತೋಷ. ಇಳಿಸಿದ್ದು ಯಾವುದು? ಕ್ಯಾಮೆರಾ ಮಾರುವವರು ಕ್ಯಾಮೆರಾ ಅನ್ನುತ್ತಾರೆ, ನಿಷೇಧ ಹೇರಿದವರು ನಿಷೇಧ ಅನ್ನುತ್ತಾರೆ. ಹೊಸ ರಸ್ತೆಗೆ ಚಾಲಕರು ಒಗ್ಗಿಕೊಂಡದ್ದೂ ಒಂದು ಕಾರಣವಿರಬಹುದು, ಆ ಕೆಟ್ಟ ತಿಂಗಳುಗಳು ಸರಾಸರಿಗೆ ಮರಳಿದ್ದೂ ಇರಬಹುದು.

ಇಂಥ ಕಡೆ ಎರಡು ಕೆಲಸ ಮಾಡಬಹುದು. ಒಂದು, ಕ್ರಮಗಳ ದಿನಾಂಕಗಳನ್ನು ತಿಂಗಳವಾರು ನಕ್ಷೆಯ ಮೇಲೆ ಗುರುತಿಸಿ ಇಳಿಕೆ ಯಾವಾಗ ಶುರುವಾಯಿತೆಂದು ನೋಡುವುದು. ಕ್ರಮಕ್ಕೆ ಮೊದಲೇ ಇಳಿಯತೊಡಗಿದ್ದರೆ ಕೀರ್ತಿ ಅದಕ್ಕೆ ಸಲ್ಲದು. ಇನ್ನೊಂದು, ಕ್ರಮ ಯಾರನ್ನು ಮುಟ್ಟಿತೋ ಅವರ ಸಂಖ್ಯೆಯನ್ನೇ ಬೇರೆಯಾಗಿ ನೋಡುವುದು. ಬೈಕ್ ನಿಷೇಧದಿಂದ ಮುಖ್ಯ ಪಥದಲ್ಲಿ ಬೈಕ್ ಸವಾರರ ಸಾವು ಇಳಿಯಬೇಕು. ಅದೇ ಹೊತ್ತಿಗೆ ಕಾರುಗಳು ತಾವೇ ತಾವಾಗಿ ಪಲ್ಟಿಯಾಗುವುದೂ ಅಷ್ಟೇ ಇಳಿದಿದ್ದರೆ ಬೇರೇನೋ ಕೆಲಸ ಮಾಡಿದೆ.

ಜತೆಗೆ ಗಡಿ ಎಳೆಯುವ ಪ್ರಶ್ನೆ. ಮುಖ್ಯ ಪಥದಿಂದ ಇಳಿಸಿದ ಬೈಕುಗಳು ಆವಿಯಾಗಲಿಲ್ಲ, ಸರ್ವೀಸ್ ರಸ್ತೆಗೆ ಹೋದವು. ಮುಖ್ಯ ಪಥವನ್ನಷ್ಟೇ ಎಣಿಸಿದರೆ ಅರ್ಧ ಲೆಕ್ಕ ಬಿಟ್ಟಂತೆ. ಮೀಡಿಯನ್ನಿನ ತೆರವು ಮುಚ್ಚಿದರೂ ಹೀಗೆಯೇ: ಆ ತೆರವಿನಲ್ಲಿ ಅಪಘಾತ ನಿಲ್ಲುತ್ತದೆ, ಆದರೆ ಮುಂದಿನ ಯೂ ಟರ್ನ್‌ವರೆಗೆ ಹೋಗಲೊಲ್ಲದವರು ವಿರುದ್ಧ ದಿಕ್ಕಿನಲ್ಲಿ ಬರತೊಡಗುತ್ತಾರೆ, ಡಿಕ್ಕಿ ಅರ್ಧ ಕಿಲೋಮೀಟರ್ ಆಚೆ ಆಗುತ್ತದೆ. ಹಂಪ್ಸ್ ಹಾಕಿದಲ್ಲಿ ಹಿಂದಿನಿಂದ ಗುದ್ದುವುದು ಹೆಚ್ಚುವುದಿದೆ. ಕಾಮಗಾರಿಯ ಎರಡೂ ಬದಿಗೆ ಕನಿಷ್ಠ ಒಂದೊಂದು ಕಿಲೋಮೀಟರ್ ಸೇರಿಸಿ ಎಣಿಸಿ, ಸರ್ವೀಸ್ ರಸ್ತೆ ಸಮೇತ.

ಹೊಸದರ ಬಿಸಿ ಆರುವವರೆಗೆ ಕಾಯುವುದನ್ನೂ ಮರೆಯಬೇಡಿ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ರಾತ್ರೋರಾತ್ರಿ ಎಡದಿಂದ ಬಲಕ್ಕೆ ಬದಲಾಯಿತು. ಇಡೀ ದೇಶ ಹೆದರಿ ಮೆಲ್ಲಗೆ ಓಡಿಸಿತು, ಅಪಘಾತ ಇಳಿಯಿತು. ಒಂದೆರಡು ವರ್ಷದಲ್ಲಿ ಮೊದಲಿನಂತೆಯೇ ಆಯಿತು. ಮೂರು ತಿಂಗಳ ಯಶಸ್ಸಿನ ವರದಿಗಳನ್ನು ನಾನು ಓದುವುದು ಈ ನೆನಪಿಟ್ಟುಕೊಂಡೇ.

ವರದಿಯಲ್ಲಿ ಹೇಗೆ ಬರೆಯುವುದು

ಮೊದಲು ಹೇಳಿದ 8ರ ಜಂಕ್ಷನ್ನಿಗೆ ನಾನು ಬರೆಸುವ ಒಕ್ಕಣೆ ಇದು: “ಕಾಮಗಾರಿಗೆ ಹಿಂದಿನ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 8 ಅಪಘಾತಗಳು ದಾಖಲಾಗಿದ್ದು, ಸದರಿ ಸ್ಥಳವನ್ನು ಆಯ್ಕೆ ಮಾಡಿದ್ದು ಇದೇ ಸಂಖ್ಯೆಯ ಆಧಾರದಲ್ಲಿ. ಇದೇ ಮಾದರಿಯ ಜಂಕ್ಷನ್‌ಗಳ ಸರಾಸರಿಯನ್ನು ಪರಿಗಣಿಸಿದಾಗ ನಿರೀಕ್ಷಿತ ಸಂಖ್ಯೆ 4. ಕಾಮಗಾರಿ ಆಗದ ಹೋಲಿಕೆ ರಸ್ತೆಗಳಲ್ಲಿ ಇದೇ ಅವಧಿಯಲ್ಲಿ ಶೇ 10 ಇಳಿಕೆಯಾಗಿದ್ದರಿಂದ ಅದು 3.6. ಕಾಮಗಾರಿಯ ನಂತರ ದಾಖಲಾದದ್ದು 3. ಈ ಒಂದು ಸ್ಥಳದ ಅಂಕಿಯಿಂದ ಪರಿಣಾಮ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು. ಇದೇ ಬಗೆಯ ಇತರ ಸ್ಥಳಗಳೊಂದಿಗೆ ಸೇರಿಸಿ ಪರಿಶೀಲಿಸಬೇಕು.”

ಹುಡುಗರಿಗೆ ಇದು ಇಷ್ಟವಾಗುವುದಿಲ್ಲ. “ಮೇಡಂ, ಇಷ್ಟು ಬರೆದರೆ ಏನೂ ಹೇಳಿದಂಗೇ ಆಗಲ್ಲ” ಎಂಬ ಆಕ್ಷೇಪ ಪ್ರತಿ ಸಲ ಬರುತ್ತದೆ. ಸಮಿತಿಗಳಿಗೂ ಇದು ರುಚಿಸುವುದು ಅನುಮಾನ. ಮುಂದಿನ ಅನುದಾನ ಕೇಳುವ ಕಡತದಲ್ಲಿ ಶೇ 62 ಚೆನ್ನಾಗಿ ಕಾಣುತ್ತದೆ. ಆದರೆ ಸರಿಯಾದ ಲೆಕ್ಕದಿಂದ ಯಾವ ಕ್ರಮಕ್ಕೆ ಶೇ 23ರ ಬಲವಿದೆ, ಯಾವುದಕ್ಕೆ ಇಲ್ಲ ಎಂದು ತಿಳಿದರೆ ಇದ್ದ ಹಣವನ್ನು ಮೊದಲಿನದಕ್ಕೆ ಹಾಕಬಹುದು. ಎಲ್ಲಕ್ಕೂ ಶೇ 50 ಬರೆಯುತ್ತಾ ಹೋದರೆ ಬಣ್ಣ ಬಳಿಯುವುದೂ ಮೀಡಿಯನ್ ಕಟ್ಟುವುದೂ ಒಂದೇ ಬೆಲೆಯವಾಗುತ್ತವೆ, ಆಗ ಅಗ್ಗದ್ದೇ ಗೆಲ್ಲುತ್ತದೆ.

ಕೊನೆಗೆ ಒಂದು ಕಚೇರಿ ಕೆಲಸ. ಕಾಮಗಾರಿ ಮುಗಿದ ನಿಜವಾದ ದಿನಾಂಕವನ್ನು ಎಲ್ಲಾದರೂ ಬರೆದಿಡಿ. ಬಿಲ್ ಪಾಸಾದ ದಿನಾಂಕವಲ್ಲ, ಹಂಪ್ಸ್ ರಸ್ತೆಯ ಮೇಲೆ ಬಂದ ದಿನಾಂಕ. ಆಮೇಲೆ ಡಾಂಬರು ಹಾಕುವಾಗ ಅದನ್ನು ಕಿತ್ತು ಹಾಕಿದ್ದರೆ ಆ ದಿನಾಂಕವೂ. ಜಾಗದ ಅಕ್ಷಾಂಶ ರೇಖಾಂಶ, ಒಂದು ಫೋಟೊ, ಅಪಘಾತಗಳ ಅಪರಾಧ ಸಂಖ್ಯೆಗಳ ಪಟ್ಟಿ, ಹೋಲಿಕೆಗೆ ತೆಗೆದುಕೊಂಡ ರಸ್ತೆಗಳ ಹೆಸರು, ಇಷ್ಟನ್ನು ಒಂದೇ ಹಾಳೆಯಲ್ಲಿ ಕಡತಕ್ಕೆ ಲಗತ್ತಿಸಿ. ಮೂರು ವರ್ಷ ಕಳೆಯುವಷ್ಟರಲ್ಲಿ ಎಇಇ ವರ್ಗವಾಗಿರುತ್ತಾರೆ, ಪಿಎಸ್‌ಐ ಬೇರೆ ಠಾಣೆಯಲ್ಲಿರುತ್ತಾರೆ, ಹುಡುಗರು ಬೆಂಗಳೂರಿನ ಕಂಪನಿ ಸೇರಿರುತ್ತಾರೆ. ಲೆಕ್ಕ ಹಾಕುವವರು ಬೇರೆಯವರೇ ಆಗಿರುತ್ತಾರೆ, ಅವರಿಗೆ ಆ ಹಾಳೆ ಬೇಕು.